ಎಡಸಾಲಿನ ನೀರು

ಏಳನೇ ಗೂಡಿಗೆ ನೀರು ಚಿಮುಕಿಸುವ ನಾಜಲ್ ಮತ್ತೆ ಕಟ್ಟಿಕೊಂಡಿತ್ತು. ಸ್ವಾಮಿ ಅದನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ಗುಂಡುಸೂಜಿಯಿಂದ ಅದರ ಕಣ್ಣು ಕೆದಕುತ್ತಿದ್ದ. ಸುಣ್ಣದಂಥ ಬಿಳಿ ಪುಡಿ ಉದುರುತ್ತಿತ್ತು. ಷಣ್ಮುಖಪ್ಪ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಬಾಗಿಲ ಹತ್ತಿರ ಮಿಡತೆಯ ಡಬ್ಬ ಹಿಡಿದು ನಿಂತಿದ್ದ ಲಿಂಗರಾಜುವಿಗೆ ಆ ಪುಡಿ ಉದುರುವುದನ್ನು ನೋಡುತ್ತ ನೋಡುತ್ತ, ಬಿಸಿಲಿನಿಂದ ಬಂದು ಮಜ್ಜಿಗೆ ಕುಡಿದಷ್ಟು ಹಿತವಾಯಿತು.

ಒಂದೇ ತಿಂಗಳಲ್ಲಿ ಇದು ನಾಲ್ಕನೇ ಸಲ. ಗಾಜಿನ ಮೇಲೂ ನೀರು ಒಣಗಿದ ಕಡೆಯೆಲ್ಲ ಬಿಳಿ ಕಲೆ ಕೂತು, ಒಳಗಿನ ಗೋಸುಂಬೆ ಮಂಜಿನಾಚೆ ಕೂತಂತೆ ಕಾಣುತ್ತಿತ್ತು. ಒರೆಸಿದರೆ ಹೋಗುತ್ತಿರಲಿಲ್ಲ. ಹುಣಸೆಹಣ್ಣು ಹಚ್ಚಿ ಉಜ್ಜಬೇಕಾಗಿತ್ತು, ಉಜ್ಜುವ ಕೆಲಸ ಲಿಂಗರಾಜುವಿನದು.

ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಊರಿನಿಂದ ಎರಡು ಕಿಲೋಮೀಟರು ಒಳಗೆ, ಮೂರೆಕರೆ ಜಾಗದಲ್ಲಿ ಮೇಷ್ಟ್ರು ಈ ಗೂಡುಗಳನ್ನು ಕಟ್ಟಿಸಿ ಆರು ವರ್ಷವಾಗಿತ್ತು. ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು, ಅರಣ್ಯ ಇಲಾಖೆಯಿಂದ ಅನುಮತಿ ತಂದು, ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕಿ ಬಾಲ ಹೋದ, ಬೇಲಿ ಸುಡುವಾಗ ಮೈ ಬೆಂದ ಗೋಸುಂಬೆ, ಓತಿಕ್ಯಾತಗಳನ್ನು ತಂದು ಸಾಕುತ್ತಿದ್ದರು. ಉದ್ದ ಕೋಣೆ, ಎರಡು ಸಾಲು, ಸಾಲಿಗೆ ಏಳು ಗೂಡು. ಮೊದಲ ದಿನದಿಂದ ಅವುಗಳನ್ನು ನೋಡಿಕೊಂಡವನು ಲಿಂಗರಾಜು. ಗೋಸುಂಬೆ ಬಟ್ಟಲಿನ ನೀರು ಕುಡಿಯುವುದಿಲ್ಲ. ತುಂಬಿದ ಬಟ್ಟಲಿನ ಪಕ್ಕದಲ್ಲೇ ಬಾಯಾರಿ ಸಾಯುತ್ತದೆ. ಎಲೆಯ ತುದಿಯಲ್ಲಿ ಹನಿ ಕೂತು ಹೊಳೆಯಬೇಕು, ಅಲ್ಲಾಡಬೇಕು, ಆಗ ಅದಕ್ಕೆ ನೀರು ನೀರಾಗಿ ಕಾಣುತ್ತದೆ. ಕ್ಷೌರದಂಗಡಿಯಲ್ಲಿ ತಲೆಗೆ ಚಿಮುಕಿಸುವಂಥ ಬಾಟಲಿ ಹಿಡಿದು ದಿನಕ್ಕೆ ಎರಡು ಹೊತ್ತು ಹದಿನಾಲ್ಕು ಗೂಡಿಗೂ ಅವನು ಹನಿ ಕೂರಿಸುತ್ತಿದ್ದ. ಯಾವುದು ಎಷ್ಟು ಕುಡಿಯಿತು, ಯಾವುದು ಮುಖ ತಿರುಗಿಸಿತು ಎಂದು ಅವನು ಹೇಳಿದರೆ ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಎಡಸಾಲಿನ ಎರಡನೇ ಗೂಡಿನ ಮುದಿ ಹೆಣ್ಣು ಗೋಸುಂಬೆಗೆ ಅಜ್ಜಿ ಎಂದು ಹೆಸರಿಟ್ಟವನೂ ಅವನೇ. ಅಜ್ಜಿ ಬೇರೆ ಯಾರು ನೀರು ಚಿಮುಕಿಸಿದರೂ ಬಾಯಿ ಬಿಡುವುದಿಲ್ಲ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಅದು ನಿಜವೋ ಅಲ್ಲವೋ ಎಂದು ಯಾರೂ ಪರೀಕ್ಷಿಸಲು ಹೋಗಿರಲಿಲ್ಲ.

ಸ್ವಾಮಿ ಅವನ ಹೆಂಡತಿ ರಾಣಿಯ ತಮ್ಮ. ಹುಣಸೂರಿನಲ್ಲಿ ಐಟಿಐ ಮುಗಿಸಿ ಕೈಕಟ್ಟಿ ಕೂತಿದ್ದವನನ್ನು ಹೋದ ದೀಪಾವಳಿಗೆ ಮೇಷ್ಟ್ರ ಮುಂದೆ ತಂದು ನಿಲ್ಲಿಸಿದ್ದು ಲಿಂಗರಾಜುವೇ. ರಾತ್ರಿ ಕಾವಲಿಗೆ ಆಗುತ್ತಾನೆ, ಕರೆಂಟಿನ ಸಣ್ಣಪುಟ್ಟ ಕೆಲಸವೂ ಗೊತ್ತು ಎಂದು ಶಿಫಾರಸು ಮಾಡಿದ್ದ. ಆರು ತಿಂಗಳಲ್ಲಿ ಹುಡುಗ ಪಂಪು ಕೂರಿಸಿದ, ಸಣ್ಣ ಪೈಪು ಎಳೆದ, ಹೊತ್ತು ಹೊತ್ತಿಗೆ ತಾನೇ ಚಾಲೂ ಆಗುವ ಗಡಿಯಾರ ಸಿಕ್ಕಿಸಿದ. ಏಳಕ್ಕೆ, ಹನ್ನೊಂದಕ್ಕೆ, ನಾಲ್ಕಕ್ಕೆ ಹಿತ್ತಾಳೆಯ ಪುಟ್ಟ ನಾಜಲ್‌ಗಳಿಂದ ಮಂಜಿನಂಥ ನೀರು ತಾನಾಗಿಯೇ ಸುಯ್ಯೆನ್ನತೊಡಗಿತು. ಮೊದಲ ದಿನ ಅದು ಬಂದಾಗ ಅಜ್ಜಿ ಒಂದು ಗಳಿಗೆ ಬೆದರಿ, ಆಮೇಲೆ ಕತ್ತೆತ್ತಿ, ಬಾಯಿ ತೆರೆದು ಕುಡಿದಳು. ಆವತ್ತು ಲಿಂಗರಾಜು ಮಧ್ಯಾಹ್ನದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಿದ್ದ.

ಈಗ ಮೇಷ್ಟ್ರು ಮೈಸೂರಿನಿಂದ ಬಂದು ಗೇಟು ತೆಗೆಯುತ್ತಲೇ ಕರೆಯುವುದು ಸ್ವಾಮಿಯನ್ನು. ಪುಸ್ತಕ ಬರೆಯುವವನೂ ಸ್ವಾಮಿ, ಇಂಗ್ಲಿಷಿನ ಅಂಕಿಯಲ್ಲಿ. ಲಿಂಗರಾಜುವಿಗೆ ಉಳಿದದ್ದು ಮಿಡತೆ ಹಿಡಿಯುವುದು, ಹಿಕ್ಕೆ ಬಳಿಯುವುದು, ಗಾಜು ಉಜ್ಜುವುದು. ಬೋರಿನ ಗಡಸು ನೀರು ತನ್ನ ಪರವಾಗಿ ನಿಂತು ನಾಜಲ್‌ಗಳ ಕುತ್ತಿಗೆ ಹಿಸುಕುತ್ತಿರುವುದು ಅವನಿಗೆ ಯಾಕೆ ಹಿತವಾಗಬಾರದು?

ಆವತ್ತು ಜಗುಲಿಯ ಮೇಲೆ ನೀರಿನ ಪಂಚಾಯ್ತಿ ನಡೆಯಿತು. ಮೇಷ್ಟ್ರು ತರಗತಿಯಲ್ಲಿ ಪಾಠ ಹೇಳುವವರಂತೆ ಒಂದೊಂದನ್ನೇ ಎತ್ತಿಕೊಂಡು ಒಂದೊಂದನ್ನೇ ಕೆಳಗಿಟ್ಟರು. ಕುದಿಸಿದರೆ ಒಂದಷ್ಟು ಸುಣ್ಣ ತಳಕ್ಕೆ ಕೂರುತ್ತದೆ, ಆದರೆ ದಿನಕ್ಕೆ ಎಂಬತ್ತು ಲೀಟರು ಕುದಿಸುವವರು ಯಾರು, ಆರಿಸುವವರು ಯಾರು? ಪಟಿಕ ಹಾಕಿದರೆ ಕೆಸರು ಹೋದೀತು, ಸುಣ್ಣ ಹೋಗದು. ಅಡುಗೆಮನೆಯ ಕ್ಯಾಂಡಲ್ ಫಿಲ್ಟರ್ರೂ ಅಷ್ಟೆ. ಉಪ್ಪು ಹಾಕಿ ನೀರನ್ನು ಮೆದು ಮಾಡುವ ಯಂತ್ರವಿದೆ, ಅದು ಸುಣ್ಣ ತೆಗೆದು ಉಪ್ಪಿನಂಶ ಬಿಡುತ್ತದೆ. ದಿನವೂ ಕಣ್ಣಿಗೆ ಮೈಗೆ ಬೀಳುವ ನೀರಿಗೆ ಅದು ಬೇಡ. ಕೊನೆಗೆ ಉಳಿದದ್ದು ಸ್ವಾಮಿ ಮೈಸೂರಿನ ಅಂಗಡಿಯಲ್ಲಿ ನೋಡಿಕೊಂಡು ಬಂದಿದ್ದ ಹೊಸ ಮಿಷನ್ನು. ನೀರನ್ನು ಒತ್ತಡದಲ್ಲಿ ಎಂಥದೋ ತೆಳು ಪೊರೆಯೊಳಗೆ ನುಗ್ಗಿಸಿ, ಇರುವುದೆಲ್ಲವನ್ನೂ ಆಚೆ ತಡೆದು ಬರೀ ನೀರನ್ನು ಈಚೆ ಬಿಡುತ್ತದೆಯಂತೆ. ಒಂದು ಬಿಂದಿಗೆ ಒಳ್ಳೆ ನೀರಿಗೆ ಮೂರು ಬಿಂದಿಗೆ ಚರಂಡಿಗೆ.

ಲಿಂಗರಾಜು ಕಂಬಕ್ಕೊರಗಿ ನಿಂತಲ್ಲಿಂದಲೇ ಬಾಯಿ ಹಾಕಿದ.

"ಮಳೆ ನೀರು ಹಿಡಿಯಾಣ ಸಾರ್. ನಮ್ಮವ್ವ ಬೋರ್ ನೀರ್ಗೆ ತೊಗರಿಬೇಳೆ ಹಾಕಾಕಿಲ್ಲ. ಗಂಟೆಗಟ್ಲೆ ಕುದುಸುದ್ರೂ ಕಲ್ಲಂಗೇ ಇರ್ತದೆ. ಮಳೆ ನೀರ್ಗಾಕುದ್ರೆ ಎಲ್ಡು ಕುದೀಗೆ ಕರಗೋಯ್ತದೆ. ಬೇಳೆ ಕರಗೋ ನೀರಲ್ಲಿ ಸುಣ್ಣ ಎಲ್ಲಿಂದ ಬಂದಾತು?"

ಮೇಷ್ಟ್ರು ಕನ್ನಡಕ ಇಳಿಸಿ ಅವನನ್ನು ನೋಡಿದರು. ಬಹಳ ದಿನದ ಮೇಲೆ ಅವರು ಹಾಗೆ ನೋಡಿದ್ದು.

"ಭಾವ ಹೇಳಾದು ಸರಿ ಸಾರ್," ಎಂದ ಸ್ವಾಮಿ. "ಮಳೆ ನೀರ್ಗಿಂತ ಮೆದು ನೀರಿಲ್ಲ. ಆದ್ರೆ ಮಳೆ ಬರ್ದಿದ್ರೆ?"

ಲಿಂಗರಾಜುವಿಗೆ ಕೇಳಿಸಿದ್ದು 'ಆದ್ರೆ' ಒಂದೇ.

ಮೇಷ್ಟ್ರು ತೀರ್ಮಾನವನ್ನು ನೀರಿಗೇ ಬಿಟ್ಟರು. ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೈಸೂರಿಗೆ ಹೋಗಬೇಕಿತ್ತು, ಹನ್ನೆರಡು ದಿನ ಬರುವಂತಿರಲಿಲ್ಲ. ಅಷ್ಟು ದಿನ ಎಡಸಾಲಿನ ಏಳು ಗೂಡಿಗೆ ಲಿಂಗರಾಜುವಿನ ಮಳೆ ನೀರು, ಬಲಸಾಲಿಗೆ ಸ್ವಾಮಿಯ ಮಿಷನ್ನಿನ ನೀರು. ಅಂಗಡಿಯವನು ಮಿಷನ್ನನ್ನು ಹದಿನೈದು ದಿನದ ಮಟ್ಟಿಗೆ ಪರೀಕ್ಷೆಗೆಂದು ಕೊಡಲು ಒಪ್ಪಿದ್ದ. ಯಾವ ಸಾಲಿನ ನಾಜಲ್ ಕಟ್ಟುವುದಿಲ್ಲವೋ, ಯಾವ ಸಾಲಿನ ಪ್ರಾಣಿ ಚೆನ್ನಾಗಿರುತ್ತದೋ, ಮುಂದಕ್ಕೆ ಆ ನೀರು. "ಗೆದ್ದವನೇ ನೀರಿನ ಉಸ್ತುವಾರಿ," ಎಂದು ನಗುತ್ತ ಹೇಳಿ ಮೇಷ್ಟ್ರು ಎದ್ದರು. ಅವರಿಗೆ ಅದು ನಗೆಮಾತು. ಲಿಂಗರಾಜು ಆ ರಾತ್ರಿ ಮೂರು ಸಲ ಮಗ್ಗುಲು ಬದಲಿಸಿದ. ನೀರು ಕೈಗೆ ಬಂದರೆ ಗೂಡುಗಳು ಕೈಗೆ ಬಂದಂತೆ. ಇಲ್ಲದಿದ್ದರೆ ಇನ್ನು ಇರುವಷ್ಟು ದಿನ ಭಾಮೈದನ ಕೆಳಗೆ ಹಿಕ್ಕೆ ಬಳಿಯಬೇಕು.

ಬುಧವಾರ ಶುರುವಾಯಿತು. ಆಫೀಸಿನ ಹೆಂಚಿನ ಸೂರಿಗೆ ಸೀಳಿದ ಬಿದಿರು ಕಟ್ಟಿ ಹಿಂದಿನ ವಾರದ ಮಳೆಯನ್ನು ಲಿಂಗರಾಜು ಒಂದು ಡ್ರಮ್ಮಿಗೆ ಹಿಡಿದಿದ್ದ. ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ ಎಡಸಾಲಿನ ಕಪ್ಪು ಟ್ಯಾಂಕಿಗೆ ಸುರಿದ. ಸ್ವಾಮಿ ನೀರಿನಲ್ಲಿ ಕರಗಿದ ಸುಣ್ಣ, ಉಪ್ಪು ಅಳೆಯುವ ಪೆನ್ನಿನಂಥ ಮೀಟರೊಂದನ್ನು ಎರಡೂ ಟ್ಯಾಂಕಿಗೆ ಅದ್ದಿ ನೋಡಿದ. ಬೋರ್ ನೀರಿಗೆ ಒಂಬೈನೂರು ತೋರಿಸುತ್ತಿದ್ದ ಮೀಟರು ಮಿಷನ್ನಿನ ನೀರಿಗೆ ಮೂವತ್ತೆಂಟು ತೋರಿಸಿತು. ಮಳೆ ನೀರಿಗೆ ಇಪ್ಪತ್ತೊಂದು.

"ಕಮ್ಮಿ ಇದ್ದಷ್ಟೂ ಒಳ್ಳೇದು ಅಂದಿದ್ದೆ ಅಲ್ವೇನ್ಲಾ?"

"ಊ ಭಾವ. ನಿಮ್ದೇ ಕಮ್ಮಿ."

"ದಪ್ಪಕ್ಷರದಲ್ಲಿ ಬರ್ಕೋ."

ಸ್ವಾಮಿ ನಕ್ಕು, ನಿಜಕ್ಕೂ ದಪ್ಪಕ್ಷರದಲ್ಲೇ ಬರೆದ. ಅವನು ಮುಖ ಗಂಟಿಕ್ಕಿದ್ದರೆ ಲಿಂಗರಾಜುವಿಗೆ ಇನ್ನಷ್ಟು ಸಮಾಧಾನವಾಗುತ್ತಿತ್ತು. ಸಂಜೆ ಊರಿಗೆ ಹೋಗಿ, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿದ್ದ ರಾಣಿಗೆ ಎರಡು ಅಂಕಿಯನ್ನೂ ಹೇಳಿದ. ಅವಳು ದಾರ ಹಲ್ಲಿನಲ್ಲಿ ಕಚ್ಚಿ ಹರಿದು, "ಪಾಪ, ಸ್ವಾಮಿ ಬೇಜಾರು ಮಾಡ್ಕಂಡ್ನೇನೋ" ಎಂದಳು. ಗಂಡ ಗೆದ್ದ ಸುದ್ದಿ ತಂದರೂ ಅವಳ ಬಾಯಲ್ಲಿ ಮೊದಲು ಬಂದದ್ದು ತಮ್ಮನ ಹೆಸರೇ. ಲಿಂಗರಾಜು ಚಪ್ಪಲಿಯನ್ನು ಮೂಲೆಗೆ ಒದ್ದು ಒಳಗೆ ಹೋದ.

ನಾಲ್ಕು ದಿನ ಎಲ್ಲ ಸರಿಯಿತ್ತು. ಎಡಸಾಲಿನ ಗಾಜು ತೊಳೆದಿಟ್ಟ ಲೋಟದಂತೆ ಹೊಳೆಯುತ್ತಿತ್ತು. ಮಧ್ಯೆ ಎರಡು ದಿನ ಕರೆಂಟು ಹೋಗಿ, ಪಂಪು ಬ್ಯಾಟರಿಯಲ್ಲಿ ನಡೆದರೂ ಮಿಷನ್ನು ಸುಮ್ಮನೆ ಕೂತಾಗ ಸ್ವಾಮಿ ತನ್ನ ಸಾಲಿಗೆ ಅಳೆದು ಅಳೆದು ನೀರು ಬಿಟ್ಟ. ಲಿಂಗರಾಜು ಅದನ್ನು ನೋಡಿ ಮೀಸೆಯಡಿಯಲ್ಲಿ ನಕ್ಕ. ಐದನೇ ದಿನ ಅವನ ಡ್ರಮ್ಮಿನ ತಳ ಕಂಡಿತು. ಆಫೀಸಿನ ಸೂರು ಚಿಕ್ಕದು, ಅದರ ಅರ್ಧ ಮರದ ಕೆಳಗಿತ್ತು. ಕೊಡಗಿನ ಕಡೆ ದಿನವೂ ಮೋಡ ಕಪ್ಪುಗಟ್ಟುತ್ತಿತ್ತು, ಈಚೆ ಬರುತ್ತಿರಲಿಲ್ಲ. ಆಷಾಢದ ನಡುವೆ ಹೀಗೆ ಬಿಸಿಲು ಬಿದ್ದದ್ದು ತನ್ನ ಮೇಲಿನ ಹಗೆಗೇ ಎಂದು ಅವನಿಗೆ ಅನ್ನಿಸಿತು. ಸ್ವಾಮಿ, ಬೇಕಾದರೆ ಮಳೆ ಬರುವವರೆಗೆ ಮಿಷನ್ನಿನ ನೀರನ್ನೇ ಎಡಸಾಲಿಗೂ ತಿರುಗಿಸೋಣ, ಎರಡು ಟ್ಯಾಂಕಿನ ಮಧ್ಯೆ ವಾಲ್ವು ಇದೆಯಲ್ಲ, ಪುಸ್ತಕದಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆದರಾಯಿತು ಎಂದ. ಲಿಂಗರಾಜು ಅವನ ಮುಖ ಕೂಡ ನೋಡದೆ, ನಮ್ಮನೇಲಿ ಬೇಕಾದಷ್ಟು ಮಳೆ ನೀರಿದೆ ಎಂದ.

ಇದ್ದದ್ದು ನಿಜ. ಅವನ ಮನೆಯ ಹಿಂದೆ ಬ್ಯಾರನ್ ಇತ್ತು. ಆ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಇರುವಂಥದೇ: ಎತ್ತರದ ಇಟ್ಟಿಗೆ ಗೋಡೆ, ಮೇಲೆ ತಗಡಿನ ಸೂರು, ಒಳಗೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಸಾಲುಸಾಲಾಗಿ ನೇತುಹಾಕಿ, ಕೆಳಗೆ ಸೌದೆ ಒಟ್ಟಿ ಐದಾರು ದಿನ ಹದವಾಗಿ ಬೇಯಿಸುವ ಮನೆ. ಸೂರಿನ ನೆತ್ತಿಯ ಕಿಂಡಿಯಿಂದ ಸೊಪ್ಪಿನ ಹಬೆ ಹಗಲೂ ರಾತ್ರಿ ಹೋಗಿ ತಗಡಿನ ಮೇಲೆ ಕೂರುತ್ತಿರುತ್ತದೆ. ಆ ಸೂರಿನ ಅಂಚಿಗೆ ಇಟ್ಟ ಎರಡು ದೊಡ್ಡ ಡ್ರಮ್ಮು ಹಿಂದಿನ ಮಳೆಯಲ್ಲಿ ತುಂಬಿ ನಿಂತಿದ್ದವು. ಸೋಮವಾರ ಬೆಳಿಗ್ಗೆ ಅವನು ಎರಡು ಕ್ಯಾನಿಗೆ ತುಂಬಿಕೊಂಡು ಟಿವಿಎಸ್ಸಿನ ಎರಡೂ ಪಕ್ಕಕ್ಕೆ ಬಿಗಿಯುತ್ತಿದ್ದಾಗ ರಾಣಿ ಹಿತ್ತಲಿಗೆ ಬಂದಳು.

"ಆ ನೀರ್ಯಾಕ್ರೀ? ಎಮ್ಮೆ ಮೂಸಕ್ಕಿಲ್ಲ ಅದ್ನ."

"ಅಲ್ಲಿ ನೆಲ ತೊಳಿಯಕ್ಕೆ," ಎಂದ ಲಿಂಗರಾಜು.

ಯಾಕೆ ಸುಳ್ಳು ಹೇಳಿದೆ ಎಂದು ದಾರಿಯುದ್ದಕ್ಕೂ ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ಹೊಗೆ ವಾಸನೆಗೆ ಎಮ್ಮೆ ಮೂಸುವುದಿಲ್ಲ, ಅಷ್ಟೆ. ಪಂಚೆಯನ್ನು ನಾಲ್ಕರ ಬದಲು ಎಂಟು ಮಡಿಕೆ ಮಾಡಿ ಸೋಸಿದ. ಸ್ವಾಮಿ ಹ್ಯಾಂಡ್‌ಪೋಸ್ಟ್‌ಗೆ ಹೋಗಿದ್ದ ಹೊತ್ತು ನೋಡಿ ಮೀಟರನ್ನು ತಾನೇ ಅದ್ದಿದ. ಇಪ್ಪತ್ತನಾಲ್ಕು. ಮಿಷನ್ನಿಗಿಂತ ಈಗಲೂ ಕಡಿಮೆ. ಅಂಕಿಯೇ ಹೇಳಿದ ಮೇಲೆ ಇನ್ನೇನು ಎಂದುಕೊಂಡು ಟ್ಯಾಂಕಿನ ಮುಚ್ಚಳ ಹಾಕಿದ.

ಬುಧವಾರ ಬೆಳಿಗ್ಗೆ ಎಡಸಾಲಿನಲ್ಲಿ ಮಿಡತೆಗಳು ಸತ್ತು ಬಿದ್ದಿದ್ದವು. ಹಿಂದಿನ ಸಂಜೆ ತಿನ್ನಲೆಂದು ಬಿಟ್ಟವು, ಕಾಲು ಮೇಲೆ ಮಾಡಿ, ಒದ್ದೆ ಎಲೆಗಳ ಕೆಳಗೆ. ಬಲಸಾಲಿನಲ್ಲಿ ಅವು ಗಾಜಿಗೆ ಹಾರಿ ಟಪ್ ಟಪ್ ಎನ್ನುತ್ತಿದ್ದವು. ಲಿಂಗರಾಜು ಬಗ್ಗಿ ಒಂದನ್ನು ಎತ್ತಿಕೊಂಡ, ಮತ್ತೆ ಇನ್ನೊಂದನ್ನು. ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವರೆ ಗಿಡಕ್ಕೆ ಹುಳ ಬಿದ್ದರೆ ಅವನ ಅವ್ವ ಹೊಗೆಸೊಪ್ಪಿನ ದಂಟು ಕುದಿಸಿ, ಸೋಸಿ, ಆ ಕಷಾಯವನ್ನು ಪೊರಕೆಯಲ್ಲಿ ಅದ್ದಿ ಎರಚುತ್ತಿದ್ದಳು. ಮಾರನೇ ದಿನ ಗಿಡದ ಬುಡದಲ್ಲಿ ಹುಳಗಳು ಹೀಗೇ ಬಿದ್ದಿರುತ್ತಿದ್ದವು. ಅವನು ಚಿಕ್ಕಂದಿನಿಂದ ನೋಡಿ ಬಲ್ಲ. ಆ ಕಷಾಯವನ್ನೇ, ತುಸು ತೆಳ್ಳಗೆ ಮಾಡಿ, ಎರಡು ದಿನದಿಂದ ಏಳು ಗೂಡಿಗೆ ಎರಚಿದ್ದ.

ಹನ್ನೊಂದು ಮಿಡತೆ. ಎಲ್ಲವನ್ನೂ ಒಂದು ಕಾಗದದಲ್ಲಿ ಕಟ್ಟಿ, ಬೇಲಿಯಾಚೆಗೆ ಎಸೆದು ಬಂದ. ಟ್ಯಾಂಕು ಖಾಲಿ ಮಾಡಬೇಕು ಎಂದು ಮುಚ್ಚಳಕ್ಕೆ ಕೈ ಹಾಕಿದ. ಖಾಲಿ ಮಾಡಿದರೆ ತುಂಬಲು ಏನಿದೆ? ಮಿಷನ್ನಿನ ನೀರು. ಸ್ವಾಮಿ ವಾಲ್ವು ತಿರುಗಿಸುತ್ತಾನೆ, ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯುತ್ತಾನೆ, ಮೇಷ್ಟ್ರು ಬಂದು ಓದುತ್ತಾರೆ. ಇನ್ನು ನಾಲ್ಕೇ ದಿನ. ಪಡುವಣದಲ್ಲಿ ಮೋಡ ಇತ್ತು. ಇವತ್ತು ಸಂಜೆ ಮಳೆ ಹುಯ್ದರೆ ಹೊಸ ನೀರು ಬೆರೆತು ಎಲ್ಲ ತಿಳಿಯಾಗುತ್ತದೆ. ಅವನು ಮುಚ್ಚಳವನ್ನು ಮತ್ತೆ ಬಿಗಿ ಮಾಡಿದ.

ಮಳೆ ಬರಲಿಲ್ಲ. ಗುರುವಾರ ಅಜ್ಜಿ ಹಗಲಿನಲ್ಲೇ ಕಣ್ಣು ಮುಚ್ಚಿ ಕೂತಿದ್ದಳು. ಮೈ ಹಸಿರು ಹೋಗಿ ಸುಟ್ಟ ಕಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಲಿಂಗರಾಜು ತಾನು ಕುಡಿಯುವ ಮಡಕೆಯಿಂದ ಹಳೇ ಬಾಟಲಿಗೆ ನೀರು ತುಂಬಿ ತಂದು ಅವಳ ಮುಂದಿನ ಎಲೆಗೆ ಹನಿ ಕೂರಿಸಿದ. ಹನಿ ಹೊಳೆಯಿತು, ಅಲ್ಲಾಡಿತು, ಕೆಳಗೆ ಬಿತ್ತು. ಇನ್ನೊಂದು ಕೂರಿಸಿದ. ಬಲಸಾಲಿನ ಟ್ಯಾಂಕಿಗೆ ಎಂಟು ಹೆಜ್ಜೆ. ಅಲ್ಲಿಂದ ಒಂದು ಲೋಟ ತರಲು ಅವನ ಕಾಲು ಏಳಲಿಲ್ಲ. "ಕುಡಿಯವ್ವ," ಎಂದು ಗಾಜಿಗೆ ಬಾಯಿ ಹತ್ತಿಸಿ ಕೇಳಿಕೊಂಡ. ಅವಳು ಕಣ್ಣು ಬಿಡಲಿಲ್ಲ.

ಶುಕ್ರವಾರ ಅವನು ಬರುವಂತಿರಲಿಲ್ಲ. ಆವತ್ತು ಅವನ ಬ್ಯಾರನ್ನಿಗೆ ಸೊಪ್ಪು ಏರಿಸುವ ದಿನ. ಹೋದ ವಾರ ಇವರು ಮರಿಯಯ್ಯನ ಮನೆಗೆ ಮುಯ್ಯಾಳಾಗಿ ಹೋಗಿದ್ದರು, ಈಗ ಅವರ ಮನೆಯವರು ಇಲ್ಲಿಗೆ ಬರಬೇಕು. ಮನೆಯ ಯಜಮಾನನೇ ಇಲ್ಲದಿದ್ದರೆ ಮುಯ್ಯಿ ಮುರಿದಂತೆ. ದಿನವಿಡೀ ಮೇಲಿನ ಅಡ್ಡಗಳುವಿನ ಮೇಲೆ ಕಾಲು ಅಗಲಿಸಿ ನಿಂತು, ಕೆಳಗಿನಿಂದ ಕೊಟ್ಟ ಕಡ್ಡಿಗಳನ್ನು ಇಸಿದುಕೊಂಡು ಜೋಡಿಸಿದ. ಸೊಪ್ಪಿನ ಅಂಟು ಮೊಣಕೈವರೆಗೆ ಕಪ್ಪಗೆ ಹತ್ತಿತು. ಮರಿಯಯ್ಯ ಏನೋ ಚೇಷ್ಟೆ ಮಾಡಿದ, ಎಲ್ಲರೂ ನಕ್ಕರು, ಲಿಂಗರಾಜು ಎರಡು ಗಳಿಗೆ ತಡವಾಗಿ ನಕ್ಕ. ಅವನ ತಲೆಯಲ್ಲಿ ಅಜ್ಜಿ ಕೊಂಬೆಯಿಂದ ಜಾರಿ ಬೀಳುತ್ತಿದ್ದಳು. ಬಿದ್ದವಳನ್ನು ಸ್ವಾಮಿ ಎತ್ತಿಕೊಳ್ಳುತ್ತಿದ್ದ. ಅವನನ್ನು ಹೆಚ್ಚು ಸುಟ್ಟದ್ದು ಅವಳು ಬೀಳುವುದೋ ಸ್ವಾಮಿ ಎತ್ತಿಕೊಳ್ಳುವುದೋ, ಅವನಿಗೇ ಹೇಳಲಾಗುತ್ತಿರಲಿಲ್ಲ.

ಶನಿವಾರ ಬೆಳಗಾಗುತ್ತಲೇ ಟಿವಿಎಸ್ ಓಡಿಸಿಕೊಂಡು ಬಂದ. ಗೇಟಿನ ಹತ್ತಿರ ಇಳಿದವನು ಒಳಗೆ ಹೋಗಲು ಧೈರ್ಯ ಸಾಲದೆ ಸ್ವಲ್ಪ ಹೊತ್ತು ಗಾಡಿಯ ಕನ್ನಡಿ ಒರೆಸಿದ. ಒಳಗೆ ಏಳು ಗಂಟೆಯ ಮಂಜು ಆಗತಾನೆ ನಿಂತಿತ್ತು. ಎರಡನೇ ಗೂಡಿನಲ್ಲಿ ಅಜ್ಜಿ ಮುಂಗಾಲು ಚಾಚಿ, ಎಲೆಯ ತುದಿಗೆ ಬಾಯಿಟ್ಟು, ಒಂದು ಹನಿ ಕುಡಿದು, ಇನ್ನೊಂದಕ್ಕೆ ಕತ್ತು ತಿರುಗಿಸುತ್ತಿದ್ದಳು. ಹೊಟ್ಟೆಯ ಕಡೆ ಎಳೆ ಹಸಿರು ಮತ್ತೆ ಮೂಡಿತ್ತು. ಅವನ ಕಣ್ಣು ತುಂಬಿತು. ತನ್ನ ನೀರು ಗೆದ್ದಿತು ಎಂದೇ ಅವನು ಒಂದು ಗಳಿಗೆ ನಂಬಿದ.

ಆಮೇಲೆ ಅಂಗಳದಲ್ಲಿ ಬೋರಲು ಹಾಕಿ ಒಣಗಲು ಬಿಟ್ಟಿದ್ದ ಕಪ್ಪು ಟ್ಯಾಂಕು ಕಂಡಿತು. ಎಡಸಾಲಿನ ಪೈಪು ವಾಲ್ವಿನ ಮೂಲಕ ಬಲಟ್ಯಾಂಕಿಗೆ ಸೇರಿತ್ತು. ಸ್ವಾಮಿ ಬೋರಿನ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಬಾಯಿ ಮುಕ್ಕಳಿಸಿ ಉಗುಳಿ, ಟವಲಿನಿಂದ ಮುಖ ಒರೆಸಿಕೊಂಡು, ಅವನ ಕಡೆ ನೋಡದೆ ಹೇಳಿದ:

"ಟ್ಯಾಂಕು ತೊಳ್ದಾಕಿದೀನಿ ಭಾವ. ಬ್ಯಾರನ್ ವಾಸ್ನೆ ಬತ್ತಿತ್ತು."

ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಮನೆಯಲ್ಲೇ ಹುಟ್ಟಿದ ಮೂಗು ಅದು, ಮೀಟರಿಗೆ ಸಿಗದ್ದು ಅದಕ್ಕೆ ಸಿಕ್ಕಿತ್ತು. ಲಿಂಗರಾಜು ಏನಾದರೂ ಬೈಗುಳಕ್ಕೆ, ಕೊಂಕಿಗೆ ಕಾದ. ಸ್ವಾಮಿ ತಿಂಡಿಗೆ ಚಿತ್ರಾನ್ನ ಮಾಡಿದ್ದೇನೆ, ತಿನ್ನುತ್ತೀರಾ ಎಂದು ಕೇಳಿ ಒಳಗೆ ಹೋದ. ಲಿಂಗರಾಜು ಮಿಡತೆಯ ಬಲೆ ಎತ್ತಿಕೊಂಡು ಹುಲ್ಲಿನ ಕಡೆ ನಡೆದ. ಆ ದಿನವೆಲ್ಲ ಇಬ್ಬರೂ ಬೇರೆ ಬೇರೆ ಕಡೆ ಕೆಲಸ ಹುಡುಕಿಕೊಂಡರು.

ಭಾನುವಾರ ಹತ್ತರ ಬಸ್ಸಿಗೆ ಮೇಷ್ಟ್ರು ಬಂದಿಳಿದರು. ಕಣ್ಣಿಗೆ ಹಸಿರು ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ. ಒಂದೊಂದೇ ಗೂಡಿನ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. ಎರಡೂ ಸಾಲಿನ ಗಾಜನ್ನು ಬೆರಳಿನಿಂದ ಸವರಿದರು. ಆಮೇಲೆ ಜಗುಲಿಯಲ್ಲಿ ಕೂತು, ಪುಸ್ತಕವನ್ನು ಓದಿ ಹೇಳು ಎಂದು ಸ್ವಾಮಿಗೆ ಕೊಟ್ಟರು. ಸ್ವಾಮಿ ಓದಿದ. ಎಡಸಾಲು ಇಪ್ಪತ್ತೊಂದು, ಇಪ್ಪತ್ತೊಂದು, ಇಪ್ಪತ್ತೆರಡು. ನಾಜಲ್ ಕಟ್ಟಿದ್ದು ಸೊನ್ನೆ. ಸತ್ತದ್ದು ಸೊನ್ನೆ. ಶುಕ್ರವಾರ, ಶನಿವಾರ ಎಡಟ್ಯಾಂಕು ತೊಳೆಯಲು ಬಿಚ್ಚಿತ್ತು, ಆ ಎರಡು ದಿನ ಮಿಷನ್ ನೀರು. ಸೋಮವಾರದಿಂದ ಗುರುವಾರದವರೆಗಿನ ದಿನಗಳ ಬಗ್ಗೆ ಬೇರೆ ಏನೂ ಇರಲಿಲ್ಲ.

ನಿನ್ನ ಅಭಿಪ್ರಾಯ ಏನು ಎಂದು ಮೇಷ್ಟ್ರು ಅವನನ್ನೇ ಕೇಳಿದರು. ಸ್ವಾಮಿ ಮಳೆ ನೀರೇ ಸರಿ ಎಂದ. ಈ ಕರೆಂಟಿನಲ್ಲಿ ಮಿಷನ್ನು ನಂಬುವಂತಿಲ್ಲ, ಒಂದಕ್ಕೆ ಮೂರು ಚೆಲ್ಲುವುದೂ ಕಣ್ಣಿಗೆ ಚೆನ್ನಾಗಿಲ್ಲ. ಆಫೀಸಿನ ಸೂರಿಗೆ ಮಳೆ ನೀರು ಹರಿಯುವ ಸರಿಯಾದ ತಗಡಿನ ದೋಣಿ ಕಟ್ಟಿಸಿ, ಮೇಲೆ ಬಾಗಿದ ಕೊಂಬೆ ಕಡಿದು, ದೊಡ್ಡ ತೊಟ್ಟಿಯೊಂದನ್ನು ಕಟ್ಟಿಸಿದರೆ ವರ್ಷವಿಡೀ ಸಾಲುತ್ತದೆ. ಮಿಷನ್ನನ್ನು ವಾಪಸು ಕಳಿಸಿಬಿಡೋಣ.

"ಹಾಗಾದರೆ ಲಿಂಗರಾಜು ಗೆದ್ದ," ಎಂದು ಮೇಷ್ಟ್ರು ಅವನಿದ್ದ ಕಡೆ ಮುಖ ತಿರುಗಿಸಿ ನಕ್ಕರು. "ಬೇಳೆಯ ಲೆಕ್ಕ ಸರಿಯಾಯ್ತಲ್ಲಪ್ಪ."

ಹನ್ನೆರಡು ದಿನದಿಂದ ಅವನು ಕಾದ ಮಾತು ಅದು. ಬಂದಾಗ ಅದರಲ್ಲಿ ರುಚಿ ಇರಲಿಲ್ಲ. ಸ್ವಾಮಿ ಪುಸ್ತಕದ ಮೇಲೆ ತಲೆ ತಗ್ಗಿಸಿ ಪೆನ್ನಿನ ಕ್ಯಾಪು ಹಾಕುತ್ತಿದ್ದ. ಕೆಲಸ ಕೊಡಿಸಿದವನು ತಾನು. ಈಗ ಈ ಉಸ್ತುವಾರಿಯನ್ನು ತನಗೆ ಕೊಡಿಸುತ್ತಿರುವವನು ಅವನು. ಇನ್ನು ಮೇಲೆ ಪ್ರತಿ ಬೆಳಿಗ್ಗೆ ಏಳಕ್ಕೆ ನೀರು ಬಂದಾಗಲೆಲ್ಲ, ಅಜ್ಜಿ ಬಾಯಿ ತೆರೆದಾಗಲೆಲ್ಲ, ಇದು ಇವನು ಬಿಟ್ಟುಕೊಟ್ಟದ್ದು ಎಂದು ಎದೆಯಲ್ಲಿ ಚುಚ್ಚುತ್ತಿರಬೇಕು. ಊರ ಹಬ್ಬದಲ್ಲಿ ಎದುರಿಗೆ ಕೂತು ಉಣ್ಣುವಾಗ ಇವನು ಇದೇ ಸೌಮ್ಯ ಮುಖ ಹೊತ್ತು ಭಾವ, ಇನ್ನೊಂಚೂರು ಹಾಕ್ಕೊಳ್ಳಿ ಎನ್ನಬೇಕು. ಸೋಲಾದರೆ ತನ್ನದಾಗಿರುತ್ತಿತ್ತು.

"ನಾನು ಹಾಕುದ್ದು ಬ್ಯಾರನ್ ಸೂರಿನ ನೀರು ಸಾರ್," ಎಂದ ಲಿಂಗರಾಜು.

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಡ್ರಮ್ಮು ಖಾಲಿಯಾದದ್ದು, ಕ್ಯಾನು, ಹೊಗೆಸೊಪ್ಪಿನ ಹಬೆ ಕೂತ ತಗಡು, ಸತ್ತ ಮಿಡತೆ, ಅಜ್ಜಿ ಕಪ್ಪಾದದ್ದು. ಅವಳು ಚೇತರಿಸಿಕೊಂಡದ್ದು ಸ್ವಾಮಿ ಬಿಟ್ಟ ನೀರಿನಿಂದ. ಹೇಳುತ್ತ ಹೋದಂತೆ ಮಾತು ಜೋರಾಯಿತು, ಯಾರ ಮೇಲೋ ದೂರು ಹೇಳುತ್ತಿರುವವನ ಹಾಗೆ.

"ಮಿಡತೆ ಸತ್ತದ್ದು ಯಾವತ್ತು?"

"ಬುಧವಾರ."

"ಬುಧವಾರವೇ ನಿನಗೆ ಗೊತ್ತಾಯ್ತು."

"ಊ ಸಾರ್."

ಮೇಷ್ಟ್ರು ಕಪ್ಪು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಸ್ವಾಮಿ ಪುಸ್ತಕವನ್ನು ಬದಿಗಿಟ್ಟು ಎದ್ದು ನಿಂತ.

"ತಪ್ಪಿದ್ದು ಸೂರು ಸಾರ್, ನೀರಲ್ಲ. ಭಾವ ಯೋಳಿದ್ದು ಸರಿಯಾಗೇ ಐತೆ."

"ನೀನು ಸುಮ್ಮನಿರು," ಎಂದರು ಮೇಷ್ಟ್ರು, ಮೆಲ್ಲಗೆ. ಗೂಡುಗಳ ಕಡೆ ಮುಖ ತಿರುಗಿಸಿದರು. ಕೊನೆಗೆ ಹೇಳಿದ್ದು ಎರಡೇ ಮಾತು. ಮಳೆ ನೀರೇ ಆಗಲಿ, ಇದೇ ಸೂರಿನದು. ಇವತ್ತಿನಿಂದ ನೀರಿಗೆ ಕೈ ಹಾಕುವವನು ಸ್ವಾಮಿ ಒಬ್ಬನೇ. ಆಮೇಲೆ ಅವರು ಎದ್ದು, ಹೊಸಿಲು ಎಡವದಂತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಹೋದರು. ಲಿಂಗರಾಜುವಿನ ಕೈ ಅವರ ತೋಳಿಗೆ ಆಸರೆ ಕೊಡಲು ಅರ್ಧ ಎದ್ದು, ಅಲ್ಲೇ ನಿಂತಿತು.

ಮಾರನೇ ದಿನ ಹ್ಯಾಂಡ್‌ಪೋಸ್ಟ್‌ನಿಂದ ತಗಡಿನ ದೋಣಿ ಬಂತು. ಮೇಲೆ ಹತ್ತಿ ಕಟ್ಟುವವನು ಒಬ್ಬ, ಏಣಿ ಹಿಡಿಯುವವನು ಒಬ್ಬ ಬೇಕಿತ್ತು. ಸ್ವಾಮಿ ಬಾಯಲ್ಲಿ ಮೊಳೆ ಕಚ್ಚಿಕೊಂಡು ಹತ್ತಿದ. ಲಿಂಗರಾಜು ಕೆಳಗೆ ನಿಂತ. ಅವನ ಮುಖದ ನೇರಕ್ಕೆ ಭಾಮೈದನ ಹಿಮ್ಮಡಿ, ಒಡೆದು, ಕೆಮ್ಮಣ್ಣು ಮೆತ್ತಿಕೊಂಡು, ರಾಣಿಯ ಹಿಮ್ಮಡಿಯ ಹಾಗೇ ಇತ್ತು. ಪಡುವಣದ ಮೋಡ ಈ ಸಲ ಈಚೆಗೇ ಸರಿದಿತ್ತು. ಗಾಳಿಯಲ್ಲಿ ತಂಪು ಬಂತು.

ನಾಲ್ಕು ಮೊಳೆ ಹೊಡೆದ ಮೇಲೆ ಸ್ವಾಮಿ ಮೇಲಿನಿಂದಲೇ ಕೇಳಿದ.

"ಯಾಕ್ ಭಾವ ಯೋಳ್ಬುಟ್ರಿ? ನಾನು ಬರ್ದಿರ್ನಿಲ್ವಲ್ಲ."

"ನೀನು ಬರೀದೆ ಇದ್ದುದ್ಕೇ ಕಣ್ಲಾ."

ಸ್ವಾಮಿ ಸುತ್ತಿಗೆ ತಡೆದು ಕೆಳಗೆ ನೋಡಿದ. ಅವನಿಗೆ ತಿಳಿಯಿತೋ ಇಲ್ಲವೋ, ಮತ್ತೆ ಮೇಲಕ್ಕೆ ತಿರುಗಿ ದೋಣಿಯ ಕೊನೆಯನ್ನು ಮೂಲೆಗೆ ಸೇರಿಸಲು ಒಂದು ಕಾಲು ಎತ್ತಿ ಸೂರಂಚಿನ ಮರದ ಪಟ್ಟಿಯ ಮೇಲಿಟ್ಟು ಚಾಚಿದ. ಮೊದಲ ಹನಿಗಳು ಹೆಂಚಿನ ಮೇಲೆ ಬಿದ್ದವು, ದಪ್ಪಗೆ, ಬಿಡಿ ಬಿಡಿಯಾಗಿ. ನೋಡುತ್ತಿದ್ದಂತೆ ಮಳೆ ಹಿಡಿಯಿತು. ಇಳಿದು ಬರುವಂತಿರಲಿಲ್ಲ; ಮೂಲೆ ಕೂಡದಿದ್ದರೆ ಇಷ್ಟೂ ನೀರು ಗೋಡೆಗೆ ಇಳಿಯುತ್ತಿತ್ತು. ಏಣಿಯ ಒಂದು ಕಾಲು ಮೆತ್ತಗಾದ ಮಣ್ಣಿನಲ್ಲಿ ಬೆರಳಷ್ಟು ಹೂತು, ಏಣಿ ಎಡಕ್ಕೆ ವಾಲಿತು. ಮೇಲೆ ಸ್ವಾಮಿ "ಭಾವ" ಎಂದ.

ಲಿಂಗರಾಜು ಮೇಲೆ ನೋಡಿದ. ಸೂರಿನ ನೀರು ನೇರವಾಗಿ ಕಣ್ಣಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ತೆರಪಿರಲಿಲ್ಲ. ಅವನು ಕಣ್ಣು ಮುಚ್ಚಿ, ಚಪ್ಪಲಿ ಕಳಚಿ, ಬರಿಗಾಲನ್ನು ಏಣಿಯ ಕೆಳಗಿನ ಮೆಟ್ಟಿಲ ಮೇಲಿಟ್ಟು, ಮೈಯ ಭಾರವನ್ನೆಲ್ಲ ಬಲಕ್ಕೆ ಹಾಕಿ ನಿಂತ. ಮೇಲೆ ಸುತ್ತಿಗೆ ಒಂದು ಸಲ ಬಿತ್ತು, ನಿಂತಿತು, ಮತ್ತೆ ಬಿತ್ತು.